ಮಂಗಳೂರಿನ ಓಡಾಟದ ಲೆಕ್ಕ ಹಾಕುವಾಗ ಗೆರೆ ಎಲ್ಲಿ ಎಳೆಯಬೇಕು?

ತೊಕ್ಕೊಟ್ಟು ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ನಾನು ಎಂಜಿನಿಯರ್ ಅಲ್ಲ, ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ದಿನಾ ತೊಕ್ಕೊಟ್ಟಿನಿಂದ ಹಂಪನಕಟ್ಟೆಗೆ ಬಸ್ಸಿನಲ್ಲಿ ಹೋಗುತ್ತೇನೆ. ನೇತ್ರಾವತಿ ಸೇತುವೆ ಮೇಲೆ ಬಸ್ಸು ನಿಂತಾಗಲೆಲ್ಲ ಒಂದೇ ಯೋಚನೆ. ಇಷ್ಟು ಜನ ಎಲ್ಲಿಂದ ಬಂದರು, ಎಲ್ಲಿಗೆ ಹೋಗುತ್ತಾರೆ ಅಂತ ಯಾರಾದರೂ ಲೆಕ್ಕ ಇಟ್ಟಿದ್ದಾರಾ?

ಈಗ ವಾಟರ್ ಮೆಟ್ರೋ, ಅಂದರೆ ನದಿಯಲ್ಲಿ ಓಡುವ ದೋಣಿ ಸೇವೆಯ ಸುದ್ದಿ ಬೇರೆ. ಬಜಾಲಿನಿಂದ ಮರವೂರಿನ ತನಕ, ನೇತ್ರಾವತಿ, ಗುರುಪುರ ಎರಡೂ ನದಿಗಳಲ್ಲಿ ಸುಮಾರು 30 ಕಿ.ಮೀ. ಅಂತ ಪೇಪರಿನಲ್ಲಿ ಓದಿದೆ. ಇಂಥ ಯೋಜನೆಗೆ ದಿನಕ್ಕೆ ಇಷ್ಟು ಸಾವಿರ ಜನ ಹತ್ತುತ್ತಾರೆ ಅಂತ ಮೊದಲೇ ಒಂದು ಸಂಖ್ಯೆ ಬರೆಯಬೇಕಾಗುತ್ತದಲ್ಲ, ಅದು ಎಲ್ಲಿಂದ ಬರುತ್ತದೆ? ಟ್ರಾವೆಲ್ ಡಿಮ್ಯಾಂಡ್ ಮಾಡೆಲ್ ಅಂತ ಒಂದು ಉಂಟಂತೆ. ಸರಳವಾಗಿ ಹೇಳುವವರು ಇದ್ದಾರಾ? ಇನ್ನೊಂದು, ಆ ಲೆಕ್ಕದಲ್ಲಿ ಮಂಗಳೂರು ಅಂದರೆ ಎಲ್ಲಿಂದ ಎಲ್ಲಿಯ ತನಕ?

ಸಂಶಯ ಪಿಶಾಚಿ

ಮೊದಲು ಯೋಜನೆ ಬೇಕು ಅಂತ ತೀರ್ಮಾನ. ಆಮೇಲೆ ಅದಕ್ಕೆ ಬೇಕಾದಷ್ಟು ಜನರನ್ನು ಕಂಪ್ಯೂಟರಿನಲ್ಲಿ ಹುಟ್ಟಿಸುವುದು. ಅದಕ್ಕೇ ಮಾಡೆಲ್ ಅಂತ ಹೆಸರು. ನಮಸ್ಕಾರ.

ಝೋನ್ ನಂಬರ್ 47

ಪಿಶಾಚಿಯವರ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ನಾನು ಇದೇ ಕೆಲಸದಲ್ಲಿರುವವಳು. ಹುಟ್ಟಿದ್ದು ಬಿಜೈ, ಈಗ ಬೇರೆ ಊರು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಮೊದಲು ಊರನ್ನು ತುಂಡು ತುಂಡು ಮಾಡುತ್ತಾರೆ. ಒಂದೊಂದು ತುಂಡಿಗೆ ಝೋನ್ ಅಂತ ಹೆಸರು. ಹೆಚ್ಚಾಗಿ ನಗರದೊಳಗೆ ಒಂದು ವಾರ್ಡು, ಹೊರಗೆ ಒಂದು ಗ್ರಾಮ ಅಥವಾ ಪಂಚಾಯತು. ಪ್ರತಿ ಝೋನಿನಲ್ಲಿ ಎಷ್ಟು ಮನೆ, ಎಷ್ಟು ಸ್ಕೂಟರ್, ಎಷ್ಟು ಕೆಲಸದ ಜಾಗ, ಎಷ್ಟು ಶಾಲೆ ಸೀಟು ಅಂತ ಸೇರಿಸುತ್ತಾರೆ. ಇದರಿಂದ ಬೆಳಿಗ್ಗೆ ಆ ಝೋನಿನಿಂದ ಎಷ್ಟು ಜನ ಹೊರಗೆ ಹೊರಡುತ್ತಾರೆ, ಎಷ್ಟು ಜನ ಒಳಗೆ ಬರುತ್ತಾರೆ ಅಂತ ಅಂದಾಜು. ದೇರಳಕಟ್ಟೆಯನ್ನೇ ನೋಡಿ. ಅಲ್ಲಿ ಮನೆಗಳಿಗಿಂತ ಆಸ್ಪತ್ರೆ, ಕಾಲೇಜುಗಳ ತೂಕ ಜಾಸ್ತಿ. ಬೆಳಿಗ್ಗೆ ಅದು ಜನರನ್ನು ಎಳೆಯುವ ಝೋನ್, ಸಂಜೆ ಹೊರಗೆ ಬಿಡುವ ಝೋನ್.

ಆಮೇಲೆ, ಹೊರಟವರು ಎಲ್ಲಿಗೆ ಹೋದರು? ಇದಕ್ಕೆ ಗ್ರಾವಿಟಿ ಮಾಡೆಲ್. ನ್ಯೂಟನ್‌ನ ಗುರುತ್ವಾಕರ್ಷಣೆಯ ಅಣ್ಣತಮ್ಮ. ಕೆಲಸ ಜಾಸ್ತಿ ಇರುವ ಝೋನ್ ಜಾಸ್ತಿ ಎಳೆಯುತ್ತದೆ, ದೂರ ಹೆಚ್ಚಿದಂತೆ ಎಳೆತ ಕಡಿಮೆ. ನಂತರ ಬಸ್ಸಾ, ಬೈಕಾ, ರೈಲಾ ಎಂಬ ಪ್ರಶ್ನೆ. ಕೊನೆಗೆ ಯಾವ ದಾರಿ. ಒಟ್ಟು ನಾಲ್ಕು ಮೆಟ್ಟಿಲು. 1950ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್, ಶಿಕಾಗೋಗಳಲ್ಲಿ ಕಟ್ಟಿದ ಅಸ್ಥಿಪಂಜರ ಇದು. ಮೇಲಿನ ಅಂಗಿ ಬದಲಾಗಿದೆ, ಮೂಳೆ ಹೆಚ್ಚಿನ ಕಡೆ ಅದೇ.

ಆ ಕೊನೆಯ ಮೆಟ್ಟಿಲು ನಿಮ್ಮ ನೇತ್ರಾವತಿ ಸೇತುವೆಗೆ ಸಂಬಂಧಿಸಿದ್ದು. ರಸ್ತೆ ತುಂಬಿದಂತೆ ಸಮಯ ಹೇಗೆ ಏರುತ್ತದೆ ಅಂತ ಹೇಳಲು 1964ರಿಂದ ಬಳಕೆಯಲ್ಲಿರುವ ಒಂದು ಸೂತ್ರ ಉಂಟು. ಖಾಲಿ ಇದ್ದಾಗ 10 ನಿಮಿಷದ ದಾರಿ ಅಂದುಕೊಳ್ಳಿ. ರಸ್ತೆ ತನ್ನ ಶಕ್ತಿಯಷ್ಟೇ ತುಂಬಿದರೆ ಹನ್ನೊಂದೂವರೆ ನಿಮಿಷ. ಶಕ್ತಿಗಿಂತ 20 ಪರ್ಸೆಂಟ್ ಜಾಸ್ತಿ ಆದರೆ 13. ಒಂದೂವರೆ ಪಟ್ಟು ಆದರೆ 17.6. ಅಂದರೆ ಕೊನೆಗೆ ಸೇರುವ ಸ್ವಲ್ಪ ವಾಹನಗಳೇ ಎಲ್ಲರ ತಲೆನೋವು. ಸಮಯ ಏರಿದ ಕೂಡಲೇ ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ದಾರಿ ಬದಲಿಸಿ ಯಾರಿಗೂ ಲಾಭ ಇಲ್ಲ ಅನ್ನುವ ಸ್ಥಿತಿ ಬರುವ ತನಕ ಕಂಪ್ಯೂಟರ್ ಇದನ್ನು ಸುತ್ತು ಸುತ್ತು ಹಾಕುತ್ತದೆ.

ನಮ್ಮಲ್ಲಿ ಒಂದೇ ತೊಂದರೆ, ಹಿಡಿಯಲಿಕ್ಕೆ ಬೇರೆ ದಾರಿಯೇ ಇಲ್ಲ.

ಸುರತ್ಕಲ್ ಬೈಕ್

ಆ ಕೊನೆ ಸಾಲಿಗೆ ನೂರು ಲೈಕ್ ಮೇಡಂ. ಕೂಳೂರು ಸೇತುವೆಯಲ್ಲಿ ಒಂದು ಲಾರಿ ಹಾಳಾದರೆ ನಮ್ಮ ಕಡೆಯವರಿಗೆ ಅವತ್ತು ಅರ್ಧ ದಿನ ರಜೆ.

ಝೋನ್ ನಂಬರ್ 47

ಅದೇ ಕರಾವಳಿ ಊರಿನ ಜಾತಕ. ಬಯಲು ಸೀಮೆಯ ಊರು ರೊಟ್ಟಿ ಹಾಗೆ ಸುತ್ತಲೂ ಬೆಳೆಯುತ್ತದೆ. ನಮ್ಮದು ಮಡಚಿದ ನೀರುದೋಸೆ. ಪಶ್ಚಿಮಕ್ಕೆ ಸಮುದ್ರ, ಅಲ್ಲಿ ಯಾರೂ ಮನೆ ಕಟ್ಟುವುದಿಲ್ಲ. ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಗುರುಪುರ ಹೊಳೆ. ತಲಪಾಡಿಯಿಂದ ಮುಲ್ಕಿಯ ತನಕ ಉದ್ದಕ್ಕೆ ಒಂದೇ ದೊಡ್ಡ ದಾರಿ, ಹೆದ್ದಾರಿ 66. ಏರಿಳಿಯುವ ಗುಡ್ಡಗಳ ನಡುವೆ ಒಳದಾರಿ ಮಾಡುವುದೂ ಸುಲಭ ಅಲ್ಲ.

ಆದರೆ ಲೆಕ್ಕ ಹಾಕುವವರಿಗೆ ಇದೇ ನದಿ ಒಂದು ವರ. ಊರಿನ ಮಧ್ಯೆ ಒಂದು ಗೆರೆ ಎಳೆದು, ಅದನ್ನು ದಾಟುವ ವಾಹನಗಳನ್ನೆಲ್ಲ ಎಣಿಸಿ, ಮಾಡೆಲ್ ಹೇಳಿದ ಸಂಖ್ಯೆಗೆ ಹೋಲಿಸುತ್ತೇವೆ. ಅದಕ್ಕೆ ಸ್ಕ್ರೀನ್‌ಲೈನ್ ಅಂತ ಹೆಸರು. ಬೆಂಗಳೂರಿನಲ್ಲಿ ಅಂಥ ಗೆರೆ ಎಳೆದರೆ ನೂರಾರು ಗಲ್ಲಿಗಳಲ್ಲಿ ಜನ ನಿಲ್ಲಿಸಬೇಕು. ಇಲ್ಲಿ ನಾಲ್ಕೈದು ಸೇತುವೆಗಳಲ್ಲಿ ನಿಂತರೆ ಸಾಕು.

ಬೆಂಗ್ರೆ ಕಡವು

ಸಾಕಾಗುವುದಿಲ್ಲ ಮೇಡಂ. ಸೇತುವೆಯಲ್ಲಿ ನಿಂತು ಎಣಿಸಿದರೆ ನಮ್ಮನ್ನು ಎಣಿಸಿದ ಹಾಗೆ ಆಗುವುದಿಲ್ಲ.

ನಮ್ಮ ಬೆಂಗ್ರೆ ಹೊಳೆಗೂ ಸಮುದ್ರಕ್ಕೂ ನಡುವೆ ಇರುವ ಮರಳಿನ ಪಟ್ಟಿ. ಎದುರಿಗೆ ಧಕ್ಕೆ, ಅಂದರೆ ಮೀನುಗಾರಿಕಾ ಬಂದರು. ದೋಣಿಯಲ್ಲಿ ಕೆಲವೇ ನಿಮಿಷ. ರಸ್ತೆಯಲ್ಲಿ ಬರಬೇಕಾದರೆ ತಣ್ಣೀರುಬಾವಿ ಮೇಲೆ ಕೂಳೂರಿಗೆ ಹೋಗಿ ಇಡೀ ಊರು ಸುತ್ತಿ ಬರಬೇಕು. ಮಕ್ಕಳು ಶಾಲೆಗೆ, ಹೆಂಗಸರು ಮಾರ್ಕೆಟಿಗೆ, ಗಂಡಸರು ಬೋಟಿಗೆ, ಎಲ್ಲ ದೋಣಿಯಲ್ಲೇ. ಸುಲ್ತಾನ್ ಬತ್ತೇರಿಯಲ್ಲೂ ಒಂದು ದೋಣಿ ಉಂಟು. ನೀವು ಯಾವ ಸೇತುವೆಯಲ್ಲಿ ನಿಂತರೂ ನಮ್ಮಲ್ಲಿ ಒಬ್ಬನೂ ನಿಮ್ಮ ಪುಸ್ತಕಕ್ಕೆ ಬೀಳುವುದಿಲ್ಲ. ಈಗ ವಾಟರ್ ಮೆಟ್ರೋ ಅಂತ ಹೊಸದಾಗಿ ಹೇಳುತ್ತಿದ್ದಾರೆ. ನಮ್ಮ ಅಜ್ಜ ಅದರಲ್ಲೇ ಹೋಗುತ್ತಿದ್ದರು, ಎ.ಸಿ. ಇರಲಿಲ್ಲ ಅಷ್ಟೇ.

ಝೋನ್ ನಂಬರ್ 47

ತಪ್ಪಾಯಿತು. ನದಿಯೇ ಗೆರೆ ಅಂದವಳು ನದಿಯ ದೋಣಿಯನ್ನೇ ಮರೆತೆ. ನಮ್ಮ ಕಸುಬಿನಲ್ಲಿ ಇದು ಆಗಾಗ ಆಗುತ್ತದೆ. ರಸ್ತೆಯ ನಕ್ಷೆ ಮೊದಲು ಹಾಕುತ್ತೇವೆ, ನಕ್ಷೆಯಲ್ಲಿ ಇಲ್ಲದ ದಾರಿ ಕಂಪ್ಯೂಟರಿಗೆ ಇಲ್ಲವೇ ಇಲ್ಲ. ಆಗ ಗ್ರಾವಿಟಿ ಮಾಡೆಲ್ ಬೆಂಗ್ರೆಯನ್ನೂ ಧಕ್ಕೆಯನ್ನೂ ದೂರದ ಊರುಗಳು ಅಂತ ತಿಳಿದು, ನಿಮ್ಮನ್ನೆಲ್ಲ ಪಣಂಬೂರು, ಕೂಳೂರಿನ ಕಡೆ ಕೆಲಸಕ್ಕೆ ಕಳುಹಿಸಿಬಿಡುತ್ತದೆ.

ಒಂದು ಸಮಾಧಾನ ಉಂಟು. 2011ರ ಜನಗಣತಿಯಲ್ಲಿ ಕೆಲಸಕ್ಕೆ ಎಷ್ಟು ದೂರ, ಯಾವುದರಲ್ಲಿ ಹೋಗುತ್ತೀರಿ ಅಂತ ಕೇಳಿದ್ದರು. ಉತ್ತರಗಳಲ್ಲಿ ನಡೆದು, ಸೈಕಲ್, ಬಸ್ಸು, ರೈಲು ಜೊತೆಗೆ ಜಲಸಾರಿಗೆಗೂ ಒಂದು ಕಾಲಂ ಇತ್ತು. ಬಿ-28 ಅನ್ನುವ ಪಟ್ಟಿ, ಯಾರು ಬೇಕಾದರೂ ನೋಡಬಹುದು. ಆದರೆ ಕೃಷಿ ಮತ್ತು ಗೃಹ ಕೈಗಾರಿಕೆ ಬಿಟ್ಟು ಉಳಿದ ಕೆಲಸಗಾರರ ಲೆಕ್ಕ ಮಾತ್ರ ಅದು. ಶಾಲೆ ಮಕ್ಕಳು ಇಲ್ಲ, ಸಂತೆಗೆ ಹೋದವರಿಲ್ಲ. ಎಷ್ಟು ದೂರ ಅಂತ ಇದೆ, ಎಲ್ಲಿಗೆ ಅಂತ ಇಲ್ಲ. ಮುಂದಿನ ಗಣತಿ 2027ಕ್ಕೆ ಬಂದಿದೆ. ಅಷ್ಟರ ತನಕ ಹದಿನಾರು ವರ್ಷ ಹಳೆಯ ಕನ್ನಡಕದಲ್ಲೇ ಊರು ನೋಡಬೇಕು.

ಮಂಜೇಶ್ವರ ಅಕ್ಕ

ಗೃಹ ಕೈಗಾರಿಕೆ ಬಿಟ್ಟು ಅಂದಿರಲ್ಲ, ಅಲ್ಲೇ ನನಗೆ ಚುಚ್ಚಿತು. ನಮ್ಮ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ಕಾಗದದಲ್ಲಿ ಮನೆಯಲ್ಲೇ ಕೆಲಸ. ಆದರೆ ಬೀಡಿ ಬ್ರಾಂಚಿಗೆ ನಡೆದುಕೊಂಡು ಹೋಗಿ ಕೊಟ್ಟು, ಎಲೆ-ಹೊಗೆಸೊಪ್ಪು ತಂದು, ಬರುವಾಗ ಮೀನು ತೆಗೆದುಕೊಂಡು, ಅಂಗನವಾಡಿಯಿಂದ ಮೊಮ್ಮಗಳನ್ನು ಕರೆದುಕೊಂಡು ಬರುತ್ತಿದ್ದರು. ಸರ್ವೇಯವನು ಬಂದು ಮನೆ ಯಜಮಾನರಲ್ಲಿ ಕೇಳಿದರೆ ಅಪ್ಪ ಏನು ಹೇಳುತ್ತಿದ್ದರು ಗೊತ್ತಾ? ಅವಳು ಎಲ್ಲಿಗೂ ಹೋಗುವುದಿಲ್ಲ ಅಂತ.

ಇನ್ನು ಗೆರೆಯ ವಿಷಯ. ನಮ್ಮದು ಕೇರಳ, ಮಾತು ತುಳು ಕನ್ನಡ, ಆಸ್ಪತ್ರೆ ಮಂಗಳೂರು, ಮಕ್ಕಳ ಕಾಲೇಜು ಮಂಗಳೂರು, ಮದುವೆ ಸೀರೆ ಮಂಗಳೂರು. ಬೆಳಿಗ್ಗೆ ಕಾಸರಗೋಡು ಕಡೆಯಿಂದ ಬರುವ ರೈಲಿನಲ್ಲಿ ಕುಂಬಳೆ, ಉಪ್ಪಳ, ಮಂಜೇಶ್ವರದವರು ಹೇಗೆ ನೇತಾಡಿಕೊಂಡು ಬರುತ್ತಾರೆ ಅಂತ ನೋಡಿದ್ದೀರಾ? ತಲಪಾಡಿಯಲ್ಲಿ ಗೆರೆ ಎಳೆದರೆ ನಾವೆಲ್ಲ ಯಾರು?

ಝೋನ್ ನಂಬರ್ 47

ನಮ್ಮ ಭಾಷೆಯಲ್ಲಿ ನೀವು ಹೊರಗಿನವರು. ಬೇಸರ ಮಾಡಬೇಡಿ ಅಕ್ಕ, ಪಾರಿಭಾಷಿಕ ಪದ ಅದು. ಅಧ್ಯಯನದ ಗಡಿಗೆ ಕಾರ್ಡನ್ ಅನ್ನುತ್ತೇವೆ. ಗಡಿಯ ಒಳಗಿನವರಿಗೆ ಮನೆ, ಆದಾಯ, ವಾಹನ ಎಲ್ಲ ಕೇಳಿ ಮಾಡೆಲ್ ಮಾಡುತ್ತೇವೆ. ಗಡಿಯ ಆಚೆಯಿಂದ ಬರುವವರು ರಸ್ತೆಯಲ್ಲಿ ಬಂದು ಸೇರುವ ಬರೀ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಮುಂದಿನ ಇಪ್ಪತ್ತು ವರ್ಷಕ್ಕೆ ವರ್ಷಕ್ಕೆ ಇಷ್ಟು ಪರ್ಸೆಂಟ್ ಅಂತ ಏರಿಸುತ್ತಾ ಹೋಗುತ್ತಾರೆ. ಅವರು ಬಸ್ಸಿನಿಂದ ರೈಲಿಗೆ ಬದಲಾಗಬಹುದು ಅನ್ನುವುದೇ ಆ ಲೆಕ್ಕದಲ್ಲಿ ಇರುವುದಿಲ್ಲ. ಹಾಗಾಗಿ ಗೆರೆ ಎಲ್ಲಿ ಎಂಬುದು ಸುಮ್ನೆ ನಕ್ಷೆಯ ವಿಷಯ ಅಲ್ಲ. ಯಾರ ಆಯ್ಕೆ ಲೆಕ್ಕಕ್ಕೆ ಬರುತ್ತದೆ, ಯಾರದ್ದು ಬರುವುದಿಲ್ಲ ಅನ್ನುವುದು ಆ ಗೆರೆಯಲ್ಲೇ ತೀರ್ಮಾನ ಆಗಿಬಿಡುತ್ತದೆ.

ಮೂಲ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಪಾಲಿಕೆಯ ಗಡಿ ಸಾಲದು. 2011ರಲ್ಲಿ ಮಂಗಳೂರು ನಗರ ಸಮೂಹ ಅಂತ ಲೆಕ್ಕಕ್ಕೆ ಬಂದದ್ದು ಸುಮಾರು 6.2 ಲಕ್ಷ ಜನ. ಇಡೀ ಜಿಲ್ಲೆ ಸುಮಾರು 20.9 ಲಕ್ಷ. ದಿನಾ ಮಂಗಳೂರಿಗೆ ಬಂದು ಹೋಗುವ ಊರು ಇವೆರಡರ ನಡುವೆ ಎಲ್ಲೋ ಇದೆ. ದಕ್ಷಿಣಕ್ಕೆ ಕಾಸರಗೋಡಿನ ತನಕ, ಪೂರ್ವಕ್ಕೆ ಬಂಟ್ವಾಳ ದಾಟಿ, ಉತ್ತರಕ್ಕೆ ಕನಿಷ್ಠ ಪಡುಬಿದ್ರಿ. ಉಡುಪಿ-ಮಣಿಪಾಲ ಸೇರಿಸಬೇಕಾ ಅನ್ನುವುದು ಜಗಳದ ವಿಷಯ. ನಾನಾದರೆ ಸೇರಿಸುತ್ತೇನೆ.

ಸಂಶಯ ಪಿಶಾಚಿ

ಎರಡು ರಾಜ್ಯ ಸೇರಿ ಒಂದು ಸರ್ವೇ ಮಾಡುತ್ತವಾ? 2020ರ ಮಾರ್ಚಿನಲ್ಲಿ ತಲಪಾಡಿ ಮುಚ್ಚಿದಾಗ ರೋಗಿಗಳು ದಾಟುವ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಗೆರೆ ಎಷ್ಟು ಗಟ್ಟಿ ಅಂತ ಅವತ್ತೇ ಗೊತ್ತಾಯಿತಲ್ಲ.

ಮಂಜೇಶ್ವರ ಅಕ್ಕ

ಗಟ್ಟಿ ಅಂತಲೂ ಗೊತ್ತಾಯಿತು, ಅದರ ಮೇಲೆ ಎಷ್ಟು ಜನ ಬದುಕುತ್ತಿದ್ದೇವೆ ಅಂತಲೂ ಗೊತ್ತಾಯಿತು ಮಾರಾಯ್ರೆ.

ಕಂಡಕ್ಟರ್ ಮಗ

ರೈಲಿನ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಮಂಗಳೂರು ಸೆಂಟ್ರಲ್ ಪಾಲಕ್ಕಾಡ್ ವಿಭಾಗಕ್ಕೆ ಸೇರಿದ್ದು. ಸುಬ್ರಹ್ಮಣ್ಯದ ಕಡೆ ಹೋಗುವ ದಾರಿ ಮೈಸೂರು ವಿಭಾಗ. ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ. ಇಷ್ಟು ಸಣ್ಣ ಊರಿನ ಟಿಕೆಟ್ ಲೆಕ್ಕ ಕೇಳಲಿಕ್ಕೆ ಮೂರು ಬಾಗಿಲು ತಟ್ಟಬೇಕು.

ಇನ್ನು ಬಸ್ಸು. ನಮ್ಮ ಅಪ್ಪ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಇಲ್ಲಿ ಸಿಟಿ ಬಸ್ಸು ಅಂದರೆ ಬಹುಪಾಲು ಖಾಸಗಿ. ಒಬ್ಬೊಬ್ಬ ಮಾಲೀಕರ ಹತ್ತಿರ ಒಂದೆರಡು ಬಸ್ಸಿನಿಂದ ಹಿಡಿದು ಹತ್ತಾರು ಬಸ್ಸಿನ ತನಕ. ಕಲೆಕ್ಷನ್ ಎಷ್ಟಾಯಿತು ಅಂತ ಪಕ್ಕದ ಬಸ್ಸಿನವನಿಗೆ ಹೇಳುವುದಿಲ್ಲ, ಸರ್ವೇಯವರಿಗೆ ಹೇಳುತ್ತಾರಾ? ಟಿಕೆಟ್ ಮೆಷಿನ್ ಬಂದ ಮೇಲೆ ಲೆಕ್ಕ ಏನೋ ಉಂಟು. ಆದರೆ ಅದರಲ್ಲಿ ಇರುವುದು ಸ್ಟೇಜು, ಅಂದರೆ ಚಾರ್ಜು ಬದಲಾಗುವ ನಿಲ್ದಾಣ ಮಾತ್ರ. ಕೊಣಾಜೆಯವರು ತೊಕ್ಕೊಟ್ಟಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದರೆ ಎರಡು ಪ್ರಯಾಣ ಅಂತ ಬೀಳುತ್ತದೆ. ಒಬ್ಬ ಮನುಷ್ಯ ಇಬ್ಬರಾಗುತ್ತಾನೆ. ಬೆಂಗ್ರೆಯವರು ಸೊನ್ನೆ ಆದರೆ ನಾವು ಡಬಲ್!

ಅಪ್ಪ ಹೇಳುತ್ತಿದ್ದ ಮಾತೊಂದು. ಮಳೆ ಬಂದ ದಿನ ಕಲೆಕ್ಷನ್ ಏರುತ್ತದೆ, ಜೋರು ಮಳೆ ಬಂದ ದಿನ ಇಳಿಯುತ್ತದೆ. ಸ್ವಲ್ಪ ಮಳೆಗೆ ಬೈಕಿನವರು ಬಸ್ಸಿಗೆ ಬರುತ್ತಾರೆ. ಜೋರು ಮಳೆಗೆ ಶಾಲೆಗೆ ರಜೆ ಕೊಡುತ್ತಾರೆ.

ಝೋನ್ ನಂಬರ್ 47

ನಿಮ್ಮ ಅಪ್ಪನ ಎರಡು ಸಾಲಿಗೆ ಒಂದು ಥೀಸಿಸ್ ಬರೆಯಬಹುದು. ನಾವು ಸರ್ವೇ ಮಾಡುವುದು ಯಾವಾಗ ಹೇಳಿ? ಮಳೆ ಇಲ್ಲದ, ಹಬ್ಬ ಇಲ್ಲದ, ಪರೀಕ್ಷೆ ಇಲ್ಲದ ಮಂಗಳವಾರ ಬುಧವಾರ. ಅದನ್ನು ಸಾಮಾನ್ಯ ದಿನ ಅನ್ನುತ್ತೇವೆ. ವರ್ಷಕ್ಕೆ 3500 ಮಿ.ಮೀ.ಗಿಂತ ಮೇಲೆ ಮಳೆ ಸುರಿಯುವ ಊರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಛತ್ರಿ ಬಿಡದ ಊರಿನಲ್ಲಿ, ಒಣಗಿದ ದಿನವೇ ಸಾಮಾನ್ಯ ಅಂತೆ.

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಧಕ್ಕೆಯ ಬೆಳಗಿನ ಜಾವದ ಲಾರಿ, ಟೆಂಪೋ, ರಿಕ್ಷಾ ಎಲ್ಲ ಕಡಿಮೆ. ಶಿರಾಡಿಯಲ್ಲಿ ಗುಡ್ಡ ಜರಿದರೆ ಬಂದರಿನ ಲಾರಿಗಳೆಲ್ಲ ದಾರಿ ಬದಲಿಸುತ್ತವೆ. ಮಾಡೆಲ್‌ನಲ್ಲಿ ಇದ್ಯಾವುದೂ ಇಲ್ಲ. ಮಳೆಗಾಲಕ್ಕೆ ಬೇರೆಯೇ ಒಂದು ಸರ್ವೇ ಮಾಡಬೇಕು ಅಂತ ನಾನು ಒಂದು ಕಡೆ ವಾದ ಮಾಡಿದ್ದೆ. ಕಾಗದ ನೆನೆಯುತ್ತದೆ ಅಂದರು.

ಸಂಶಯ ಪಿಶಾಚಿ

ಕಾಗದದ ಮಾತು ಬಂತಲ್ಲ, ಹೇಳಿಯೇ ಬಿಡುತ್ತೇನೆ. ಕಾಲೇಜಿನಲ್ಲಿದ್ದಾಗ ಒಂದು ಊರಿನಲ್ಲಿ ಇಂಥ ಮನೆ ಮನೆ ಸರ್ವೇಗೆ ಹೋಗಿದ್ದೆ. ಫಾರ್ಮಿಗೆ ಇಷ್ಟು ರೂಪಾಯಿ ಅಂತ ಮಾತು. ನಿನ್ನೆ ನೀವು ಎಲ್ಲೆಲ್ಲಿ ಹೋದಿರಿ, ಎಷ್ಟು ಗಂಟೆಗೆ, ಎಷ್ಟು ಖರ್ಚು, ಸಂಬಳ ಎಷ್ಟು. ಸಂಬಳ ಕೇಳಿದ ಕೂಡಲೇ ಬಾಗಿಲು ಹಾಕುತ್ತಿದ್ದರು. ಅಪಾರ್ಟ್‌ಮೆಂಟಿನ ಗೇಟಿನೊಳಗೇ ಬಿಡಲಿಲ್ಲ. ಮೂರನೇ ದಿನದಿಂದ ನಾವು ನಾಲ್ಕು ಜನ ಅರಳಿಕಟ್ಟೆಯಲ್ಲಿ ಕೂತು ತುಂಬಿಸಿದೆವು. ನಾನು ಸೃಷ್ಟಿಸಿದ ಕುಟುಂಬಗಳು ಈಗಲೂ ಯಾವುದೋ ಮಾಡೆಲ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೊರಡುತ್ತಿರುತ್ತವೆ. ನನ್ನ ಸಂಶಯಕ್ಕೆ ಕಾರಣ ನಾನೇ.

ತೊಕ್ಕೊಟ್ಟು ಪ್ಯಾಸೆಂಜರ್

ಪಿಶಾಚಿಯವರೇ, ತಪ್ಪೊಪ್ಪಿಗೆ ಇಷ್ಟ ಆಯಿತು! ನಗು ತಡೆಯಲಾಗಲಿಲ್ಲ. ಆದರೆ ಮೂರನೇ ಮೆಟ್ಟಿಲು ಯಾರೂ ಬಿಡಿಸಿ ಹೇಳಲಿಲ್ಲ. ನಾನು ಬಸ್ಸು ಬಿಟ್ಟು ದೋಣಿ ಹತ್ತುತ್ತೇನೆ ಅಂತ ಕಂಪ್ಯೂಟರಿಗೆ ಹೇಗೆ ಗೊತ್ತು?

ಝೋನ್ ನಂಬರ್ 47

ನೀವು ಹತ್ತುತ್ತೀರಿ ಅಂತ ಅದು ಹೇಳುವುದಿಲ್ಲ. ನಿಮ್ಮಂಥ ನೂರು ಜನರಲ್ಲಿ ಎಷ್ಟು ಮಂದಿ ಅಂತ ಹೇಳುತ್ತದೆ. ಲಾಜಿಟ್ ಅಂತ ಅದರ ಹೆಸರು. ಬಸ್ಸಿಗೂ ದೋಣಿಗೂ ಒಂದೊಂದು ಅಂಕ. ಸಮಯ, ಚಾರ್ಜು, ಕಾಯುವುದು, ನಡೆಯುವುದು ಎಲ್ಲ ಸೇರಿಸಿ. ಎರಡರ ಅಂಕವೂ ಸಮ ಇದ್ದರೆ ಅರ್ಧ ಅರ್ಧ. ದೋಣಿ ಒಂದು ಅಂಕ ಹಿಂದೆ ಇದ್ದರೆ ನೂರರಲ್ಲಿ ಸುಮಾರು 27 ಜನ ದೋಣಿಗೆ. ಎರಡು ಅಂಕ ಹಿಂದೆ ಇದ್ದರೆ 12. ಸ್ವಲ್ಪ ವ್ಯತ್ಯಾಸಕ್ಕೆ ಅರ್ಧಕ್ಕರ್ಧ ಜನ ಹೋಗಿಬಿಟ್ಟರು ನೋಡಿ. ಅಂಕ ಕೊಡುವಾಗ ಕೈ ಸ್ವಲ್ಪ ಜಾರಿದರೆ, ಅಥವಾ ಯಾರಾದರೂ ಜಾರಿಸಿದರೆ, ಸಂಖ್ಯೆ ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಕಾಯುವ ಒಂದು ನಿಮಿಷ, ಗಾಡಿಯಲ್ಲಿ ಕೂತ ಒಂದು ನಿಮಿಷಕ್ಕಿಂತ ಭಾರ. ಹೆಚ್ಚಾಗಿ ಎರಡು ಪಟ್ಟಿನ ಹತ್ತಿರ ಹಿಡಿಯುತ್ತಾರೆ. ಬಸ್ ಸ್ಟಾಪಿನಲ್ಲಿ ನಿಂತವರಿಗೆ ಇದಕ್ಕೆ ಸಾಕ್ಷಿ ಬೇಡ.

ಇದೇ ಲಾಜಿಟ್‌ಗೆ ಒಂದು ಒಳ್ಳೆಯ ಕಥೆ ಉಂಟು, ಅದೂ ನೀರಿನ ಬದಿಯ ಊರಿನದ್ದೇ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಬಾರ್ಟ್ ಅನ್ನುವ ರೈಲು 1972ರಲ್ಲಿ ಶುರುವಾಯಿತು. ಕೆಲಸಕ್ಕೆ ಹೋಗುವವರಲ್ಲಿ ನೂರಕ್ಕೆ 15 ಜನ ಹತ್ತುತ್ತಾರೆ ಅಂತ ಸರಕಾರಿ ಅಂದಾಜು. ಡೇನಿಯಲ್ ಮೆಕ್‌ಫ್ಯಾಡನ್ ಅನ್ನುವ ಅರ್ಥಶಾಸ್ತ್ರಜ್ಞರು ಒಬ್ಬೊಬ್ಬರ ಆಯ್ಕೆಯಿಂದ ಲೆಕ್ಕ ಹಾಕಿ 6.3 ಅಂದರು. ಹತ್ತಿದ್ದು 6.2. ಅವರಿಗೆ 2000ದಲ್ಲಿ ನೊಬೆಲ್ ಬಂತು. ಅಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟವೂ ಇತ್ತು ಅಂತ ನೊಬೆಲ್ ಭಾಷಣದಲ್ಲಿ ಅವರೇ ಒಪ್ಪಿದ್ದಾರೆ. ನನಗೆ ಈ ಕಥೆಯಲ್ಲಿ ಇಷ್ಟ ಆದದ್ದು ಆ ಒಪ್ಪಿಗೆ.

ಕಂಡಕ್ಟರ್ ಮಗ

ಚಾರ್ಜು ಅಂದಿರಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಖಾಸಗಿ ಬಸ್ಸಿಗೆ ಈ ಯೋಜನೆ ಇಲ್ಲ. ಒಂದೇ ರಸ್ತೆ, ಎರಡು ಬಸ್ಸು, ಒಂದರ ಚಾರ್ಜು ಅರ್ಧ ಜನಸಂಖ್ಯೆಗೆ ಸೊನ್ನೆ. ಅದಕ್ಕೆ ಮೊದಲು ಮಾಡಿದ ಲೆಕ್ಕವೆಲ್ಲ ರದ್ದಿ ಅಲ್ವಾ?

ಝೋನ್ ನಂಬರ್ 47

ಮನೆ, ಕೆಲಸದ ಲೆಕ್ಕ ರದ್ದಿ ಆಗುವುದಿಲ್ಲ. ಆದರೆ ಮೂರನೇ ಮೆಟ್ಟಿಲನ್ನು ಪುನಃ ಕಟ್ಟಬೇಕು, ಗಂಡಸರಿಗೆ ಒಂದು, ಹೆಂಗಸರಿಗೆ ಒಂದು ಅಂತ ಬೇರೆ ಬೇರೆ. ಮೊದಲೇ ಹಾಗೆ ಮಾಡಬೇಕಿತ್ತು, ಮೇಲೆ ಅಕ್ಕ ಹೇಳಿದ ಕಾರಣಕ್ಕೆ.

ಠಾಣೆ ಲೋಕಲ್

ಮುಂಬೈಯಿಂದ. ಊರು ಕಾರ್ಕಳ ಕಡೆ, ನಲವತ್ತು ವರ್ಷದಿಂದ ಇಲ್ಲೇ. ದೊಡ್ಡ ಊರಿನಲ್ಲಿ ಲೆಕ್ಕ ಸರಿ ಬರುತ್ತದೆ ಅಂತ ತಿಳಿಯಬೇಡಿ.

ಇಲ್ಲಿ 2005ರಿಂದ 2008ರ ತನಕ ಎಂ.ಎಂ.ಆರ್.ಡಿ.ಎ. (ಮುಂಬೈ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ) ಇಡೀ ಪ್ರದೇಶಕ್ಕೆ ದೊಡ್ಡ ಅಧ್ಯಯನ ಮಾಡಿಸಿತು, 2031ರ ತನಕದ ಮುನ್ನೋಟ. ಅದರಲ್ಲಿ ತಿಳಿದ ಮುಖ್ಯ ವಿಷಯ ಏನು ಗೊತ್ತಾ? ಅರ್ಧದಷ್ಟು ಪ್ರಯಾಣ ನಡೆದುಕೊಂಡು. ಕಟ್ಟಿದ್ದು ಏನು? ಫ್ಲೈಓವರು. 2014ರಲ್ಲಿ ಚೆಂಬೂರು-ವಡಾಲ ಮೋನೋರೈಲು ಬಂತು. ಲಕ್ಷದ ಮೇಲೆ ಜನ ಹತ್ತುತ್ತಾರೆ ಅಂದಿದ್ದರು, ಹತ್ತಿದ್ದು ಅದರ ಒಂದು ತುಣುಕು. 2024ರ ಜನವರಿಯಲ್ಲಿ ಸಮುದ್ರದ ಮೇಲಿನ ಅಟಲ್ ಸೇತು ಬಂತು, 21.8 ಕಿ.ಮೀ. ದಿನಕ್ಕೆ 70 ಸಾವಿರ ವಾಹನ ಅಂದಿದ್ದರು. ಮೊದಲ ವರ್ಷದ ಸರಾಸರಿ 23 ಸಾವಿರದ ಆಸುಪಾಸು. ಶುರುವಾದಾಗ ಕಾರಿಗೆ ಒಂದು ಸಲಕ್ಕೆ 250 ರೂಪಾಯಿ ಟೋಲ್. ಸೇತುವೆ ಚೆನ್ನಾಗಿದೆ ಮಾರಾಯ್ರೆ, ಮೇಲೆ ಹೋದರೆ ಕಣ್ಣು ತಂಪು. ಆದರೆ ದಿನಾ ಅಷ್ಟು ಕೊಡುವವರು ಎಷ್ಟು ಜನ?

ಸಮುದ್ರದ ಮೇಲೆ ಕಟ್ಟಿದ ಯಾವುದೂ ಅಗ್ಗ ಅಲ್ಲ. ಕರಾವಳಿಯವರು ಟೋಲಿನ ಅಂಕ ಜಾಗ್ರತೆಯಿಂದ ಹಾಕಬೇಕು.

ಸುರತ್ಕಲ್ ಬೈಕ್

ಟೋಲಿನ ವಿಷಯ ನಮ್ಮನ್ನು ಕೇಳಿ. ಸುರತ್ಕಲ್ ಟೋಲ್ ಗೇಟ್ 2022ರ ಡಿಸೆಂಬರ್ 1ಕ್ಕೆ ನಿಂತಿತು. ಅದು ಇದ್ದಾಗ ಒಳದಾರಿಗಳಲ್ಲಿ ಕಾರುಗಳ ಸಾಲು ನೋಡಬೇಕಿತ್ತು. ಈಗ ಆ ದಾರಿಗಳಲ್ಲಿ ಕೋಳಿ ಆರಾಮವಾಗಿ ದಾಟುತ್ತದೆ.

ಸಂಶಯ ಪಿಶಾಚಿ

ಠಾಣೆ ಅಣ್ಣ ಹೇಳಿದ್ದು ಮುಂಬೈಯ ಕಾಯಿಲೆ ಮಾತ್ರ ಅಲ್ಲ. ಫ್ಲೂಬ್ಯಾರ್ಗ್ ಅನ್ನುವ ಡೆನ್ಮಾರ್ಕಿನ ಪ್ರೊಫೆಸರ್ ಮತ್ತು ಅವರ ಜೊತೆಗಾರರು 2005ರಲ್ಲಿ 14 ದೇಶಗಳ 210 ಯೋಜನೆಗಳನ್ನು ನೋಡಿದ್ದರು. ಹತ್ತರಲ್ಲಿ ಒಂಬತ್ತು ರೈಲು ಯೋಜನೆಗಳಲ್ಲಿ ಪ್ರಯಾಣಿಕರ ಅಂದಾಜು ಜಾಸ್ತಿ, ಅದೂ ಸರಾಸರಿ 106 ಪರ್ಸೆಂಟ್. ಅಂದರೆ ಹೇಳಿದ್ದರ ಅರ್ಧದಷ್ಟೂ ಜನ ಬರಲಿಲ್ಲ. ಬರೀ ಲೆಕ್ಕದ ತಪ್ಪಾಗಿದ್ದರೆ ಕೆಲವು ಕಡೆ ಕಡಿಮೆ, ಕೆಲವು ಕಡೆ ಜಾಸ್ತಿ ಬರಬೇಕಿತ್ತು. ಎಲ್ಲ ಒಂದೇ ಕಡೆಗೆ ವಾಲುತ್ತದೆ ಅಂದರೆ ತಕ್ಕಡಿಯಲ್ಲಿ ಯಾರದ್ದೋ ಕೈ ಉಂಟು.

ಝೋನ್ ನಂಬರ್ 47

ಈಗ ನಿಮ್ಮ ಮೊದಲ ಮಾತಿಗೆ ಬರುತ್ತೇನೆ. ಹೌದು, ಕೈ ಇರುತ್ತದೆ. ಮಾಡೆಲ್ ಎಣಿಕೆಗೆ ಹೊಂದದಿದ್ದರೆ ಅಲ್ಲಲ್ಲಿ ಒಂದು ಗುಣಕ ಹಾಕಿ ಸರಿ ಮಾಡಬಹುದು. ಅಂಥ ಗುಣಕಗಳನ್ನು ಸಾಕಷ್ಟು ಹಾಕಿದರೆ ಯಾವ ಮಾಡೆಲ್ ಕೂಡ ಇವತ್ತಿನ ಟ್ರಾಫಿಕ್ಕಿಗೆ ಸರಿಯಾಗಿ ಕೂರುತ್ತದೆ. ನಾಳೆಯ ಬಗ್ಗೆ ಏನೂ ಹೇಳುವುದಿಲ್ಲ. ಪರೀಕ್ಷೆಗೆ ಉತ್ತರ ಬಾಯಿಪಾಠ ಮಾಡಿದ ಹುಡುಗನ ಹಾಗೆ.

ಹಾಗಾದರೆ ಪರೀಕ್ಷೆ ಹೇಗೆ ಮಾಡುವುದು? ಬಾಯಿಪಾಠ ಮಾಡದ ಪ್ರಶ್ನೆ ಕೇಳಬೇಕು. ನಮ್ಮ ಊರಿನಲ್ಲಿ ಅಂಥ ಪ್ರಶ್ನೆಗಳು ತಾವಾಗಿಯೇ ಬಂದಿವೆ. 2021ರ ಜೂನ್‌ನಲ್ಲಿ ಮರವೂರು ಸೇತುವೆ ಕುಸಿದು ವಿಮಾನ ನಿಲ್ದಾಣದ ದಾರಿ ಕೆಲವು ವಾರ ಬಂದ್ ಆಯಿತು ನೆನಪುಂಟಾ? ಎಲ್ಲರೂ ಗುರುಪುರ-ಕೈಕಂಬ ಸುತ್ತಿ ಹೋದರು. ಕೊರೊನಾ ಕಾಲ ಬೇರೆ, ಓಡಾಟವೇ ಕಮ್ಮಿ ಇತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಾಡೆಲ್‌ನಲ್ಲಿ ಆ ಒಂದು ಸೇತುವೆ ಅಳಿಸಿ. ಗುರುಪುರ ಸೇತುವೆಗೆ ಎಷ್ಟು ಹೊರೆ ಬಿತ್ತು ಅಂತ ಅದು ಹೇಳಲಿ.

ಇನ್ನೊಂದು ನೇತ್ರಾವತಿಯ ಮೇಲಿನ ಹರೇಕಳ-ಅಡ್ಯಾರ್. ಮೊದಲು ಅಲ್ಲಿ ಕಡವಿನ ದೋಣಿ. ಈಗ ಕಿಂಡಿ ಅಣೆಕಟ್ಟಿನ ಜೊತೆ ಸೇತುವೆ ಆಯಿತು. ಅಡ್ಯಾರಿನಿಂದ ಕೊಣಾಜೆಗೆ ಪಂಪ್‌ವೆಲ್, ತೊಕ್ಕೊಟ್ಟು ಸುತ್ತುವುದು ತಪ್ಪಿತು. ಸೇತುವೆ ಇಲ್ಲದ ಕಾಲದ ಮಾಹಿತಿ ಮಾತ್ರ ಕೊಟ್ಟು, ಸೇತುವೆ ಬಂದರೆ ಏನಾಗುತ್ತದೆ ಅಂತ ಕೇಳಿ. ಆಮೇಲೆ ಹೋಗಿ ನಿಂತು ಎಣಿಸಿ. ಹತ್ತಿರ ಬಂದರೆ ವಾಟರ್ ಮೆಟ್ರೋ ಬಗ್ಗೆ ಅದು ಹೇಳುವುದನ್ನು ಕೇಳಬಹುದು. ಬಾರದಿದ್ದರೆ ಪಿಶಾಚಿಯವರೇ ಗೆದ್ದರು.

ತೊಕ್ಕೊಟ್ಟು ಪ್ಯಾಸೆಂಜರ್

ಎಣಿಸುವಾಗ ಏನನ್ನು ಎಣಿಸಬೇಕು? ವಾಹನವಾ, ಜನರನ್ನಾ?

ಕಂಡಕ್ಟರ್ ಮಗ

ಜನರನ್ನೇ! ದಯವಿಟ್ಟು. ಐ.ಆರ್.ಸಿ. (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಪುಸ್ತಕದ ಪ್ರಕಾರ ರಸ್ತೆಗೆ ಬೀಳುವ ಹೊರೆಯ ಲೆಕ್ಕದಲ್ಲಿ ಒಂದು ಕಾರು ಅಂದರೆ 1. ರಸ್ತೆಯಲ್ಲಿ ಬೈಕಿನ ಪಾಲು ಜಾಸ್ತಿ ಇದ್ದರೆ ಒಂದು ಬೈಕು 0.75, ಬಸ್ಸಿನ ಪಾಲು ಜಾಸ್ತಿ ಇದ್ದರೆ ಬಸ್ಸು 3.7. ಹಾಗೆ ನೋಡಿದರೆ ಬಸ್ಸೇ ದೊಡ್ಡ ಅಪರಾಧಿ. ಆದರೆ ಆ ಬಸ್ಸಿನ 50 ಜನ ಒಬ್ಬೊಬ್ಬರೇ ಬೈಕಿನಲ್ಲಿ ಬಂದರೆ 37.5 ಆಗುತ್ತದೆ. ಹತ್ತು ಪಟ್ಟು. ವಾಹನ ಮಾತ್ರ ಎಣಿಸಿದವನಿಗೆ ಫ್ಲೈಓವರ್ ಬೇಕು ಅನಿಸುತ್ತದೆ, ಜನ ಎಣಿಸಿದವನಿಗೆ ಬಸ್ಸಿಗೆ ಒಂದು ಲೇನ್ ಬೇಕು ಅನಿಸುತ್ತದೆ.

ಬೆಂಗ್ರೆ ಕಡವು

ನಮ್ಮಲ್ಲಿ ಎಣಿಸುವುದು ಸುಲಭ. ದೋಣಿಯಿಂದ ಒಬ್ಬೊಬ್ಬರೇ ಇಳಿಯುತ್ತಾರೆ. ಬೆಳಿಗ್ಗೆ ಆರೂವರೆಯಿಂದ ಹತ್ತರ ತನಕ ಧಕ್ಕೆಯಲ್ಲಿ ಒಬ್ಬರು, ಸುಲ್ತಾನ್ ಬತ್ತೇರಿಯಲ್ಲಿ ಒಬ್ಬರು ನಿಂತರೆ ಆಯಿತು. ಬರುವುದಾದರೆ ಹೇಳಿ, ನಾನು ಬರುತ್ತೇನೆ. ಸೈಕಲ್ ತಂದವರು, ಶಾಲೆ ಬ್ಯಾಗಿನವರು, ಬುಟ್ಟಿಯವರು ಅಂತ ಬೇರೆ ಬೇರೆ ಬರೆದುಕೊಳ್ಳೋಣ.

ಝೋನ್ ನಂಬರ್ 47

ಬರೆಯುವುದಾದರೆ ಹದಿನೈದು ನಿಮಿಷಕ್ಕೊಂದು ಸಾಲು ಹಾಕಿ. ಗಂಡಸರು, ಹೆಂಗಸರು, ಮಕ್ಕಳು ಬೇರೆ. ಹತ್ತು ಜನರಲ್ಲಿ ಒಬ್ಬರನ್ನು ನಿಲ್ಲಿಸಿ, ಇಳಿದ ಮೇಲೆ ಎಲ್ಲಿಗೆ, ಹೇಗೆ ಅಂತ ಎರಡೇ ಪ್ರಶ್ನೆ ಕೇಳಿ. ಸಂಬಳ ಕೇಳಬೇಡಿ. ಫಾರ್ಮ್ ನಾನು ಇವತ್ತು ರಾತ್ರಿ ಮಾಡಿ ಹಾಕುತ್ತೇನೆ.

ಸಂಶಯ ಪಿಶಾಚಿ

ಸುಲ್ತಾನ್ ಬತ್ತೇರಿ ನನಗಿರಲಿ. ಈ ಸಲ ಅರಳಿಕಟ್ಟೆಯಲ್ಲಿ ಕೂರುವುದಿಲ್ಲ.

ತೊಕ್ಕೊಟ್ಟು ಪ್ಯಾಸೆಂಜರ್

ಧಕ್ಕೆಗೆ ನಾನು ಬರುತ್ತೇನೆ. ಮುಂದಿನ ಬುಧವಾರ ಅಂಗಡಿಗೆ ಅರ್ಧ ದಿನ ರಜೆ ಹಾಕುತ್ತೇನೆ. ಮಳೆ ಬಂದರೆ ಏನು ಮಾಡುವುದು?

ಕಂಡಕ್ಟರ್ ಮಗ

ಬಂದರೆ ಛತ್ರಿ ಹಿಡಿದು ಎಣಿಸುವುದು. ಪೆನ್ಸಿಲ್ ತನ್ನಿ, ಪೆನ್ನಿನ ಶಾಯಿ ಹರಡುತ್ತದೆ.